ಬೆಂಕಿ ಇಳಿದ ಮರುದಿನ

ಅಕ್ಕಾ, ಆ ಸೊಪ್ಪಿನ ಮೊರ ಕಟ್ಟೆಯ ಮೇಲಿಟ್ಟು ಸ್ವಲ್ಪ ಹೊತ್ತು ನಿಲ್ಲಿ. ನಿನ್ನೆ ಬೇಲಿಯಾಚೆಯಿಂದ ಕೇಳಿದಿರಲ್ಲ, "ನಿಮ್ಮ ಬೈಬಲ್‌ನಲ್ಲಿ ಅಷ್ಟು ದೊಡ್ಡ ಪವಾಡ ಕಣ್ಣಾರೆ ಕಂಡವರೇ ಮರುದಿನ ಹೆದರಿ ಓಡುತ್ತಾರಲ್ಲ, ಯಾಕೆ ಹಾಗೆ?" ಅಂತ. ಅದಕ್ಕೆ ನಿಂತ ಕಾಲಲ್ಲೇ ಹೇಳಿ ಮುಗಿಸುವ ಉತ್ತರ ನನ್ನಲ್ಲಿರಲಿಲ್ಲ. ಸಂಡೇ ಸ್ಕೂಲಿನಿಂದ ಕೇಳಿ ಬೆಳೆದ ಕಥೆಗಳವು. ಅಲ್ಲಿ ನಮಗೆ ಆಕಾಶದಿಂದ ಬೆಂಕಿ ಬಿದ್ದ ಕಥೆ ಹೇಳುತ್ತಿದ್ದರು. ಮರುದಿನದ ಕಥೆಗೆ ಬರುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು. ವಯಸ್ಸಾದಂತೆ ನನಗೆ ಬೇಕಾಗಿರುವುದು ಆ ಮರುದಿನದ ಕಥೆಯೇ.

ಪ್ರವಾದಿ ಎಲೀಯನದ್ದನ್ನೇ ತೆಗೆದುಕೊಳ್ಳಿ. ಕ್ರಿಸ್ತಪೂರ್ವ 9ನೇ ಶತಮಾನ, ಇಸ್ರಾಯೇಲಿನಲ್ಲಿ ಅಹಾಬ ಅರಸ, ಈಜೆಬೆಲ್ ಅವನ ರಾಣಿ. ವರ್ಷಗಟ್ಟಲೆ ಮಳೆಯಿಲ್ಲ. ಈಗ ಹೈಫಾ ಬಂದರು ಇದೆಯಲ್ಲ, ಅದರ ಬೆನ್ನಿಗಿರುವ ಕರ್ಮೆಲ್ ಬೆಟ್ಟದ ಮೇಲೆ ಜನರೆಲ್ಲ ಸೇರಿದ್ದಾರೆ. ಒಂದು ಕಡೆ ಬಾಳ ದೇವರ 450 ಪ್ರವಾದಿಗಳು, ಇನ್ನೊಂದು ಕಡೆ ಎಲೀಯ ಒಬ್ಬನೇ. ಬೆಳಗಿನಿಂದ ಅವರು ಕೂಗಿ, ಕುಣಿದು, ಮೈ ಕೊಯ್ದುಕೊಂಡರೂ ಏನೂ ಆಗುವುದಿಲ್ಲ. ಸಂಜೆಯ ಹೊತ್ತಿಗೆ ಎಲೀಯ 12 ಕಲ್ಲು ಜೋಡಿಸಿ ಬಲಿಪೀಠ ಕಟ್ಟುತ್ತಾನೆ, ಸುತ್ತ ಕಾಲುವೆ ತೋಡುತ್ತಾನೆ. ಕಟ್ಟಿಗೆಯ ಮೇಲೆ ನಾಲ್ಕು ಕೊಡ ನೀರು ಸುರಿಸುತ್ತಾನೆ, ಮತ್ತೆ ನಾಲ್ಕು, ಮತ್ತೆ ನಾಲ್ಕು. ಬರಗಾಲದಲ್ಲಿ 12 ಕೊಡ ನೀರು ಅಂದರೆ ಎಷ್ಟು ಬೆಲೆಯದ್ದು ಅಂತ ಟ್ಯಾಂಕರಿಗೆ ಕಾದು ನಿಂತ ನಮಗೆ ಬೇರೆ ಹೇಳಬೇಕಾಗಿಲ್ಲ. ಅವನು ಪ್ರಾರ್ಥಿಸಿದ ಕೂಡಲೇ ಬೆಂಕಿ ಇಳಿದು ಬಲಿ, ಕಟ್ಟಿಗೆ, ಕಲ್ಲು, ಮಣ್ಣು ಎಲ್ಲವನ್ನೂ ಸುಟ್ಟು ಕಾಲುವೆಯ ನೀರನ್ನೂ ಹೀರಿಬಿಡುತ್ತದೆ. ಅಂದೇ ಮಳೆಯೂ ಸುರಿಯುತ್ತದೆ. ಎಲೀಯ ಸೊಂಟ ಕಟ್ಟಿಕೊಂಡು ಅಹಾಬನ ರಥಕ್ಕಿಂತ ಮುಂದೆ ಇಜ್ರೇಲ್ ಊರಿನವರೆಗೆ ಓಡುತ್ತಾನೆ. (ನಡುವೆ ಕೀಷೋನ್ ಹಳ್ಳದಲ್ಲಿ ಆ ಪ್ರವಾದಿಗಳನ್ನೆಲ್ಲ ಕೊಲ್ಲಿಸಿದ ಮಾತೂ ಇದೆ. ಅದನ್ನು ಓದುವಾಗ ನನಗೆ ಕಷ್ಟವಾಗುತ್ತದೆ, ಅದನ್ನು ಸಮರ್ಥಿಸಲು ನಾನು ಹೋಗುವುದಿಲ್ಲ.)

ಇಷ್ಟಕ್ಕೆ ಅರಸುಗಳು ಮೊದಲನೆಯ ಪುಸ್ತಕದ 18ನೇ ಅಧ್ಯಾಯ ಮುಗಿಯುತ್ತದೆ. ಹಾಳೆ ತಿರುಗಿಸಿದರೆ 19. ಈಜೆಬೆಲ್ ಒಬ್ಬ ದೂತನ ಕೈಯಲ್ಲಿ ಹೇಳಿಕಳಿಸುತ್ತಾಳೆ: ನಾಳೆ ಇಷ್ಟು ಹೊತ್ತಿಗೆ ನಿನ್ನ ತಲೆ ಉಳಿಯುವುದಿಲ್ಲ. ಅಷ್ಟೇ. ಸೈನ್ಯ ಬರಲಿಲ್ಲ, ಕತ್ತಿ ಬರಲಿಲ್ಲ, ಒಂದು ಮಾತು ಬಂತು. 450 ಜನರ ಎದುರು ಒಬ್ಬನೇ ನಿಂತವನು ಜೀವ ಕೈಯಲ್ಲಿ ಹಿಡಿದು ದಕ್ಷಿಣಕ್ಕೆ ಓಡಿದ. ದೇಶದ ಆ ತುದಿಯ ಊರು ಬೇರ್ಷೆಬಕ್ಕೆ ಬಂದು ಆಳನ್ನು ಅಲ್ಲೇ ಬಿಟ್ಟ, ತಾನೊಬ್ಬನೇ ಮರುಭೂಮಿಯೊಳಗೆ ಒಂದು ದಿನದ ದಾರಿ ನಡೆದ. ಅಲ್ಲೊಂದು ಗಿಡ, ಅದರ ಕೆಳಗೆ ಕುಸಿದು ಕೂತು, ಇನ್ನು ಸಾಕು, ನನ್ನನ್ನು ಕರೆದುಕೊಂಡುಬಿಡು ಅಂತ ದೇವರನ್ನು ಬೇಡಿದ. ಹಾಗೇ ನಿದ್ದೆಹೋದ.

ಆ ಗಿಡದ ಬಗ್ಗೆ ಒಂದು ಮಾತು. ಆ ಸೀಮೆಯಲ್ಲಿ ಬಿಳಿ ಹೂ ಬಿಡುವ, ಎಲೆಯಿಲ್ಲದಂತೆ ಕಾಣುವ, ಕಡ್ಡಿಕಡ್ಡಿಯಾದ ಪೊದೆಗಿಡ ಅದು. ನೆರಳು ಅಷ್ಟಕ್ಕಷ್ಟೇ, ಆದರೆ ಬೇರೇನೂ ಬೆಳೆಯದ ಕಡೆ ಇರುವ ನೆರಳು ಅದೊಂದೇ. ಅದರ ಬೇರಿನಿಂದ ಅಲ್ಲಿನ ಅಲೆಮಾರಿಗಳು ಇದ್ದಿಲು ಮಾಡುತ್ತಿದ್ದರು. ಬಹಳ ಹೊತ್ತು ಆರದೆ ಉಳಿಯುವ ಕೆಂಡ. ಎಲೀಯನನ್ನು ದೇವದೂತ ಮುಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಇದ್ದದ್ದು ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ದೂತ ಉಪದೇಶ ಮಾಡಲಿಲ್ಲ ಅಕ್ಕಾ. ನಿನ್ನೆ ತಾನೆ ಬೆಂಕಿ ಇಳಿಸಿದವನು ಇವತ್ತು ಹೀಗೆ ಮಲಗಿದ್ದೀಯಲ್ಲ ಅಂತ ಹಂಗಿಸಲಿಲ್ಲ. ಎದ್ದು ತಿನ್ನು ಅಂದ. ಎಲೀಯ ತಿಂದ, ಕುಡಿದ, ಮತ್ತೆ ಮಲಗಿದ. ಅದಕ್ಕೂ ಬಿಟ್ಟರು. ಎರಡನೆಯ ಸಲ ಎಬ್ಬಿಸಿದಾಗಲೂ ಊಟವೇ. ದಾರಿ ನಿನ್ನ ಶಕ್ತಿಗೆ ಮೀರಿದ್ದು, ತಿಂದುಕೋ ಅನ್ನುವ ಅರ್ಥದ ಮಾತು.

ನಿನ್ನೆ ಈ ರೊಟ್ಟಿಯ ಮಾತಷ್ಟು ಹೇಳಿದಾಗ ನೀವೇ ಅಂದಿರಿ, ಸೋತುಬಂದ ಮಕ್ಕಳಿಗೆ ಮೊದಲು ಉಣ್ಣಿಸಿ ಮಲಗಿಸಬೇಕು, ಬುದ್ಧಿ ಹೇಳುವುದೇನಿದ್ದರೂ ಆಮೇಲೆ ಅಂತ. ಅಷ್ಟು ನೇರವಾಗಿ ನಮ್ಮ ಯಾವ ಪ್ರಸಂಗದಲ್ಲೂ ನಾನು ಕೇಳಿರಲಿಲ್ಲ.

ಮುಂದೆ ಅವನು 40 ಹಗಲು 40 ರಾತ್ರಿ ನಡೆದು ಹೋರೇಬ್ ಬೆಟ್ಟ ಸೇರುತ್ತಾನೆ, ಗವಿಯೊಳಗೆ ಅಡಗುತ್ತಾನೆ. ಅಲ್ಲಿ ಬಂಡೆ ಸೀಳುವ ಗಾಳಿ, ಆಮೇಲೆ ಭೂಕಂಪ, ಆಮೇಲೆ ಬೆಂಕಿ. ದೇವರು ಅವುಗಳಲ್ಲಿ ಇರಲಿಲ್ಲ ಅನ್ನುತ್ತದೆ ಗ್ರಂಥ, ಬೆಂಕಿಯಲ್ಲೂ ಇರಲಿಲ್ಲ. ಕರ್ಮೆಲಿನಲ್ಲಿ ಬೆಂಕಿಯಿಂದಲೇ ಉತ್ತರ ಕೊಟ್ಟ ದೇವರು ಇಲ್ಲಿ ತೀರಾ ಮೆಲ್ಲಗಿನ ಒಂದು ದನಿಯಲ್ಲಿ ಬರುತ್ತಾನೆ. ಬಂದು ಕೇಳುವುದು, ಇಲ್ಲೇನು ಮಾಡುತ್ತಿದ್ದೀಯ ಅಂತ. ಈ ಪ್ರಶ್ನೆ ಎರಡು ಸಲ ಬರುತ್ತದೆ, ಗಾಳಿ-ಭೂಕಂಪಕ್ಕೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ. ಎಲೀಯ ಎರಡು ಸಲವೂ ಒಂದೇ ಉತ್ತರ ಕೊಡುತ್ತಾನೆ: ಉಳಿದವನು ನಾನೊಬ್ಬನೇ, ನನ್ನನ್ನೂ ಕೊಲ್ಲಲು ನೋಡುತ್ತಿದ್ದಾರೆ. ಬೆಟ್ಟ ನಡುಗಿದರೂ ಆ ಉತ್ತರದ ಒಂದು ಅಕ್ಷರ ಕದಲಲಿಲ್ಲ. ನಿಮ್ಮ ಪ್ರಶ್ನೆಗೆ ನನಗೆ ಸಿಕ್ಕ ಮೊದಲ ಉತ್ತರ ಇಲ್ಲೇ ಇದೆ. ಪವಾಡ ನೋಡಿದ ಮಾತ್ರಕ್ಕೆ ಮನುಷ್ಯನ ಭಯ ಹೋಗುವುದಿಲ್ಲ. ಭಯಪಟ್ಟವನನ್ನು ಮತ್ತೆ ನಡೆಯುವಂತೆ ಮಾಡಿದ್ದು ರೊಟ್ಟಿ, ನಿದ್ದೆ, ಅವನ ದುಃಖವನ್ನು ಎರಡು ಸಲ ಕೂತು ಕೇಳಿಸಿಕೊಂಡ ಒಬ್ಬರು, ಮತ್ತು ಕೈಗೊಂದು ಕೆಲಸ. ನೀನೊಬ್ಬನೇ ಅಲ್ಲ, ಬಾಳನಿಗೆ ಮೊಣಕಾಲೂರದ 7000 ಜನ ಇನ್ನೂ ಇದ್ದಾರೆ ಅನ್ನುವ ಸುದ್ದಿ ಕೊನೆಗೆ ಬರುತ್ತದೆ. ಜೊತೆಗೆ ಎಲೀಷನೆಂಬ ಒಬ್ಬ ಸಂಗಾತಿಯೂ ಸಿಗುತ್ತಾನೆ.

ಇಸ್ರಾಯೇಲರನ್ನು ಮುನ್ನಡೆಸಿದ ಮೋಶೆಯದ್ದು ಇನ್ನೊಂದು ಬಗೆ. ಅರಣ್ಯಕಾಂಡದ 20ನೇ ಅಧ್ಯಾಯದಲ್ಲಿ ಜನ ನೀರಿಲ್ಲವೆಂದು ಜಗಳಕ್ಕೆ ಬರುತ್ತಾರೆ. ಬಂಡೆಯ ಜೊತೆ ಮಾತಾಡು, ನೀರು ಬರುತ್ತದೆ ಅಂತ ಅಪ್ಪಣೆಯಾದರೆ ಮೋಶೆ ಸಿಟ್ಟಿನಲ್ಲಿ ಕೋಲಿನಿಂದ ಎರಡು ಸಲ ಬಾರಿಸುತ್ತಾನೆ. ಈ ಒಂದು ತಪ್ಪಿಗೆ ವಾಗ್ದಾನದ ದೇಶದೊಳಗೆ ಕಾಲಿಡುವ ಭಾಗ್ಯ ತಪ್ಪಿತು. ನೆಬೋ ಬೆಟ್ಟದಿಂದ ದೂರಕ್ಕೆ ನೋಡಿ ಸತ್ತ. ಆ ಶಿಕ್ಷೆ ಹೆಚ್ಚಾಯಿತು ಅಂತಲೇ ನನಗೆ ಇವತ್ತಿಗೂ ಅನ್ನಿಸುತ್ತದೆ. ಯಾಕೆ ಗೊತ್ತೇ? ಆ ಅಧ್ಯಾಯದ ಮೊದಲ ವಾಕ್ಯದಲ್ಲೇ ಅವನ ಅಕ್ಕ ಮಿರ್ಯಾಮಳು ತೀರಿಕೊಂಡ ಸುದ್ದಿ ಇದೆ. ಬುಟ್ಟಿಯಲ್ಲಿಟ್ಟು ನದಿಯ ಜಂಬುಹುಲ್ಲಿನಲ್ಲಿ ಬಿಟ್ಟ ತಮ್ಮನನ್ನು ದೂರದಲ್ಲಿ ನಿಂತು ಕಾದ ಹುಡುಗಿ ಅವಳೇ ಅಂತ ನಾವು ನಂಬಿದ್ದೇವೆ. ಅವಳನ್ನು ಮಣ್ಣುಮಾಡಿದ ಮೇಲೆ ಮುಂದಿನ ಸಾಲಿನಲ್ಲೇ ಜನ ನೀರಿಗಾಗಿ ಮುತ್ತಿಕೊಂಡರು. ಆ ಏಟಿನಲ್ಲಿ ಎಷ್ಟು ಸಿಟ್ಟಿತ್ತೋ ಎಷ್ಟು ಅಳುವಿತ್ತೋ. ಆದರೂ ಬಂಡೆಯಿಂದ ನೀರು ಬಂತು, ಜನವೂ ದನವೂ ಕುಡಿದವು. ಹೊಡೆದ ಕೈ ತಪ್ಪು ಮಾಡಿತೆಂದು ಬಾಯಾರಿದವರಿಗೆ ನೀರು ನಿಲ್ಲಲಿಲ್ಲ.

ಯೇಸುವಿನ ಶಿಷ್ಯರ ಮರೆವನ್ನಂತೂ ಸುವಾರ್ತೆ ಬರೆದ ಮಾರ್ಕನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಐದು ರೊಟ್ಟಿಯಲ್ಲಿ 5000 ಜನ ಉಂಡು 12 ಬುಟ್ಟಿ ಮಿಕ್ಕಿತ್ತು, ಏಳು ರೊಟ್ಟಿಯಲ್ಲಿ 4000 ಜನ ಉಂಡು ಮತ್ತೆ ಏಳು ಬುಟ್ಟಿ ಮಿಕ್ಕಿತ್ತು. ಬಡಿಸಿದವರು ಇವರೇ, ಆಯ್ದು ತುಂಬಿದವರೂ ಇವರೇ. ಅದಾದ ಮೇಲೆ ದೋಣಿ ಹತ್ತಿದಾಗ ಇರುವುದು ಒಂದೇ ರೊಟ್ಟಿ ಎಂದು ಗೊತ್ತಾಗಿ ಇವರಿಗೆ ಊಟದ ಚಿಂತೆ! ಮಿಕ್ಕದ್ದು ಎಷ್ಟು ಬುಟ್ಟಿ ಅಂತ ಯೇಸು ಕೇಳಿದರೆ ಲೆಕ್ಕ ಸರಿಯಾಗಿ ಒಪ್ಪಿಸುತ್ತಾರೆ, ಹನ್ನೆರಡು, ಏಳು. ಲೆಕ್ಕ ನೆನಪಿದೆ, ಧೈರ್ಯ ಮಾತ್ರ ಬಂದಿಲ್ಲ.

ಆ ಶಿಷ್ಯರಲ್ಲೊಬ್ಬನಾದ ಪೇತ್ರನ ವಿಷಯಕ್ಕೆ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ, ಸಾರು ಉಕ್ಕಿದರೆ ನೀವೇ ನೆನಪು ಮಾಡಿ. ಅವನು ಮೀನು ಹಿಡಿಯುತ್ತಿದ್ದ ಗಲಿಲಾಯದ್ದು ಸಮುದ್ರ ಅಂತ ಹೆಸರು, ಆದರೆ ಅದು ಸಿಹಿನೀರಿನ ಕೆರೆ. ಉದ್ದ ಸುಮಾರು 21 ಕಿಲೋಮೀಟರ್, ಅಗಲ 13. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ, ಸುತ್ತ ಗುಡ್ಡ. ಗುಡ್ಡದಿಂದ ಗಾಳಿ ಇದ್ದಕ್ಕಿದ್ದಂತೆ ಇಳಿದು ನೀರು ಕಡೆದುಬಿಡುತ್ತದೆ. 1986ರಲ್ಲಿ ಬರ ಬಿದ್ದು ಕೆರೆ ಹಿಂದಕ್ಕೆ ಸರಿದಾಗ ಗಿನೋಸರ್ ಎಂಬಲ್ಲಿ ಮೀನುಗಾರ ಅಣ್ಣತಮ್ಮಂದಿರಿಗೆ ಕೆಸರಿನಲ್ಲಿ ಒಂದು ಹಳೆಯ ದೋಣಿ ಸಿಕ್ಕಿತು. ಪರೀಕ್ಷೆ ಮಾಡಿದವರು ಕ್ರಿಸ್ತಶಕ 1ನೇ ಶತಮಾನದ ಆಸುಪಾಸಿನದ್ದು ಎಂದರು. ಉದ್ದ 8 ಮೀಟರಿಗೆ ಸ್ವಲ್ಪ ಹೆಚ್ಚು, ಅಗಲ 2 ಮೀಟರಿಗೆ ಸ್ವಲ್ಪ ಹೆಚ್ಚು. ಸಿಕ್ಕ ಸಿಕ್ಕ ಜಾತಿಯ ಮರದ ತುಂಡು ಜೋಡಿಸಿ ಮತ್ತೆ ಮತ್ತೆ ತೇಪೆ ಹಾಕಿದ ಬಡವರ ದೋಣಿ. ಅದನ್ನು ಈಗಲೂ ಅಲ್ಲಿನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಪೇತ್ರನದ್ದೇ ಅಂತ ಯಾರೂ ಹೇಳುವ ಹಾಗಿಲ್ಲ, ಆದರೆ ಅಂಥದ್ದೇ ದೋಣಿಯಿಂದ ಅವನು ಕಾಲು ಹೊರಗಿಟ್ಟದ್ದು.

ಬೆಳಗಿನ ಜಾವದ ಕತ್ತಲು, ಎದುರುಗಾಳಿ. ಯೇಸು ನೀರಿನ ಮೇಲೆ ನಡೆದು ಬರುವುದನ್ನು ಕಂಡು ನಾನೂ ಬರಲೇ ಎನ್ನುತ್ತಾನೆ ಪೇತ್ರ. ಬಾ ಎಂದಾಗ ಇಳಿದು ನಡೆಯುತ್ತಾನೆ. ಗಾಳಿಯ ಕಡೆ ಕಣ್ಣು ಹೋಯಿತು, ಮುಳುಗತೊಡಗಿದ. ಈ ಕೆರೆಯಲ್ಲೇ ಹುಟ್ಟಿಬೆಳೆದ ಬೆಸ್ತನಿಗೆ ಈಜು ಬರುತ್ತಿತ್ತು. ಇನ್ನೊಂದು ಸಲ ದೋಣಿಯಿಂದ ಧುಮುಕಿ ದಡಕ್ಕೆ ಹೋದವನು ಇವನೇ. ಆದರೆ ಆ ಹೊತ್ತಿನಲ್ಲಿ ಬಂದ ವಿದ್ಯೆಯೂ ಕೈಬಿಟ್ಟಿತು, ಕಾಪಾಡು ಅಂತ ಕಿರುಚಿದ. ಹೆದರಿಕೆ ಅಂದರೆ ಅದು ಅಕ್ಕಾ, ನಮಗೆ ಚೆನ್ನಾಗಿ ಗೊತ್ತಿರುವುದನ್ನೇ ಮೊದಲು ಕಸಿದುಕೊಳ್ಳುತ್ತದೆ. ಯೇಸು ಮೊದಲು ಕೈ ಚಾಚಿ ಹಿಡಿದ, ಅಲ್ಪವಿಶ್ವಾಸ ಯಾಕೆಂದು ಕೇಳಿದ್ದು ಹಿಡಿದ ಮೇಲೆ. ಆ ಕ್ರಮ ನನಗೆ ಬಹಳ ಮುಖ್ಯ.

ಇದೇ ಪೇತ್ರ, ಯೇಸುವನ್ನು ಹಿಡಿದೊಯ್ದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸುತ್ತ ಕೂತಿದ್ದ. ಇದ್ದಿಲ ಬೆಂಕಿ, ಸುತ್ತ ಆಳುಗಳು. ಒಬ್ಬ ಕೆಲಸದ ಹುಡುಗಿ ಕೇಳಿದಳು, ನೀನೂ ಅವನ ಜೊತೆಯವನಲ್ಲವೇ ಅಂತ. ಅಲ್ಲ ಎಂದ. ಮಂಗಳೂರಿನವರು ಬಾಯಿ ತೆರೆದ ಕೂಡಲೇ ಮೈಸೂರಿನಲ್ಲಿ ಯಾವ ಊರೆಂದು ತಿಳಿಯುವ ಹಾಗೆ, ಅವನ ಗಲಿಲಾಯದ ಮಾತಿನ ಧಾಟಿಯೇ ಅವನನ್ನು ಹಿಡಿದುಕೊಟ್ಟಿತು. ಮೂರನೆಯ ಸಲ ಆಣೆ ಇಟ್ಟು ಗೊತ್ತಿಲ್ಲ ಎಂದ, ಕೋಳಿ ಕೂಗಿತು. ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ. ನಾಲ್ಕು ಸುವಾರ್ತೆಗಳಲ್ಲೂ ಇರುವ ಪ್ರಸಂಗ ಇದು. ಇದು ಹೊರಗೆ ಬಂದದ್ದು ಹೇಗೆ, ಯೋಚನೆ ಮಾಡಿ. ಮಾರ್ಕನು ಪೇತ್ರನಿಂದ ಕೇಳಿದ್ದನ್ನು ಬರೆದಿಟ್ಟ ಅಂತ 2ನೇ ಶತಮಾನದ ಪಪಿಯಾಸ್ ಎಂಬ ಸಭಾಧ್ಯಕ್ಷ ಹೇಳಿದ ಮಾತು ಉಳಿದುಬಂದಿದೆ. ಅದು ನಿಜವಾದರೆ ಪೇತ್ರನೇ ಊರೂರಿನಲ್ಲಿ, ತನ್ನನ್ನು ಹಿರಿಯನೆಂದು ನಂಬಿದ ಜನರ ಮುಂದೆ, ತಾನು ಸುಳ್ಳು ಹೇಳಿದ ರಾತ್ರಿಯನ್ನು ಬಾಯಿಬಿಟ್ಟು ಹೇಳಿಕೊಂಡಿದ್ದಾನೆ. ನನಗೆ ನೀರಿನ ಮೇಲಿನ ನಡಿಗೆಗಿಂತ ಇದು ದೊಡ್ಡದಾಗಿ ಕಾಣುತ್ತದೆ. ಇನ್ನೂ ಒಂದು ವಿಷಯ: ನೀರಿನ ಮೇಲೆ ನಡೆದ ಯೇಸುವನ್ನು ಮಾರ್ಕನೂ ಬರೆದಿದ್ದಾನೆ, ಆದರೆ ಪೇತ್ರ ನಡೆದದ್ದು ಅವನಲ್ಲಿ ಇಲ್ಲ, ಮತ್ತಾಯನಲ್ಲಿ ಮಾತ್ರ ಇದೆ. ಸೋತದ್ದನ್ನು ಹೇಳಿದ ಬಾಯಿ ಗೆದ್ದ ನಾಲ್ಕು ಹೆಜ್ಜೆಯನ್ನು ಹೇಳಿಕೊಳ್ಳಲಿಲ್ಲವೇನೋ.

ಸತ್ತು ಮತ್ತೆ ಎದ್ದ ಮೇಲೆ ಅದೇ ಕೆರೆಯ ದಡದಲ್ಲಿ ಯೇಸು ಶಿಷ್ಯರಿಗಾಗಿ ಕಾದಿದ್ದ. ಮತ್ತೆ ಇದ್ದಿಲ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಮೊದಲು ಬಂದು ಊಟಮಾಡಿ ಎಂದ. ಊಟ ಮುಗಿದ ಮೇಲೆ ಪೇತ್ರನನ್ನು ಮೂರು ಸಲ, ನನ್ನ ಮೇಲೆ ಪ್ರೀತಿಯಿದೆಯೇ ಎಂದು ಕೇಳಿದ. ಮೂರು ಸಲ ಇಲ್ಲ ಎಂದವನಿಗೆ ಮೂರು ಸಲ ಹೌದು ಎನ್ನುವ ಅವಕಾಶ. ಎಲೀಯನ ತಲೆಯ ಹತ್ತಿರ ಕೆಂಡದ ರೊಟ್ಟಿ, ಪೇತ್ರನಿಗೆ ಕೆಂಡದ ಮೀನು. ಬಿದ್ದವರಿಗೆ ದೇವರು ಅಡುಗೆ ಮಾಡಿಟ್ಟು ಕಾಯುತ್ತಾನೆ ಎಂಬುದನ್ನು ನಾನು ಬರೆದದ್ದು ಬರೆದಂತೆಯೇ ನಂಬುತ್ತೇನೆ.

ನಿನ್ನೆ ನೀವು ಧರ್ಮರಾಯನ ಮಾತು ತೆಗೆದಿರಿ. ಅಶ್ವತ್ಥಾಮ ಸತ್ತ ಎಂದು ದ್ರೋಣರಿಗೆ ಅರ್ಧಸತ್ಯ ಹೇಳುವ ತನಕ ಅವನ ರಥ ನೆಲದಿಂದ ನಾಲ್ಕು ಬೆರಳು ಮೇಲೆಯೇ ಇರುತ್ತಿತ್ತು, ಹೇಳಿದ ಕ್ಷಣ ಕೆಳಗಿಳಿಯಿತು ಅಂತ. ಅದನ್ನು ಕೇಳಿ ನನಗೆ ಮೈ ಜುಮ್ಮೆಂದಿತು. ಪವಾಡವೂ ದೌರ್ಬಲ್ಯವೂ ಒಂದೇ ಗಾಲಿಯಲ್ಲಿ! ಅದನ್ನು ಬರೆದವರು ಧರ್ಮರಾಯನ ಮೇಲೆ ಪ್ರೀತಿಯಿದ್ದೂ ಬರೆದರು, ಬಿಟ್ಟುಬಿಡಲಿಲ್ಲ. ನಮ್ಮ ಗ್ರಂಥ ಬರೆದವರದ್ದೂ ಅದೇ ಧೈರ್ಯ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಚಿಕ್ಕಮ್ಮ. ನೀವು ನೋಡಿದ್ದೀರಿ. ಪಾರ್ಕಿನ್ಸನ್ ಕಾಯಿಲೆ ಬಂದ ಮೇಲೆ ಅವರ ಬಲಗೈ ನಡುಕ ನಿಂತಿಲ್ಲ. ಚರ್ಚಿನಲ್ಲಿ ಕರ್ತನ ಭೋಜನದ ದಿನ ದ್ರಾಕ್ಷಾರಸದ ಪುಟ್ಟ ಲೋಟ ತುಟಿಯವರೆಗೆ ಬರುವಷ್ಟರಲ್ಲಿ ಅರ್ಧ ಸೀರೆಯ ಮೇಲೆ. ಹಾಗಾಗಿ ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ತಲೆಯನ್ನೇ ಲೋಟದ ಕಡೆಗೆ ಬಗ್ಗಿಸುತ್ತಾರೆ. ಅವರನ್ನು ಒಂದು ಸ್ವಸ್ಥತಾ ಕೂಟಕ್ಕೆ ಕರೆದುಕೊಂಡು ಹೋಗಿದ್ದರು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ನಡುಕ ನಿಲ್ಲಲಿಲ್ಲ. ಆಮೇಲೆ ಒಬ್ಬರು, ನಿಮ್ಮ ವಿಶ್ವಾಸ ಸಾಲದು, ಮಾತ್ರೆಯ ಮೇಲೆ ಭರವಸೆ ಇಟ್ಟಿದ್ದೀರಿ ಎಂದರಂತೆ. ಚಿಕ್ಕಮ್ಮ ಮಾತ್ರೆ ಬಿಟ್ಟರು. ಕೆಲವೇ ದಿನದಲ್ಲಿ ಹಾಸಿಗೆಯಲ್ಲಿ ಮಗ್ಗುಲಾಗಲೂ ಆಗದೆ ಮೈ ಮರಗಟ್ಟಿತು. ಮತ್ತೆ ಡಾಕ್ಟರ ಹತ್ತಿರ ಹೋಗಿ ಮಾತ್ರೆ ಶುರುಮಾಡಿಸಿದ್ದೇವೆ. ಮೈಯ ಬಿಗಿತ ಕಡಿಮೆಯಾಗಿದೆ, ನನ್ನಲ್ಲಿ ಏನು ಪಾಪ ಇತ್ತು ಎಂದು ಕೇಳುವುದು ಕಡಿಮೆಯಾಗಿಲ್ಲ.

ಆ ಪ್ರಶ್ನೆಗಾಗಿ ನಾನು ಗ್ರಂಥವನ್ನು ಮತ್ತೆ ತೆರೆದೆ. ಎಫೆಸದಲ್ಲಿ ಅಪೊಸ್ತಲ ಪೌಲನ ಮೈಗೆ ತಾಗಿದ ಕರವಸ್ತ್ರ ಒಯ್ದು ಹಾಕಿದರೂ ರೋಗ ವಾಸಿಯಾಗುತ್ತಿತ್ತು ಎಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಅದೇ ಎಫೆಸ ಊರಿನ ತ್ರೊಫಿಮ ಎಂಬ ಜೊತೆಗಾರನನ್ನು ಮಿಲೇತದಲ್ಲಿ ಕಾಯಿಲೆಯಾಗಿದ್ದಾಗಲೇ ಬಿಟ್ಟುಬಂದೆ ಎಂದು ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನ ಹೆಸರಿನಲ್ಲೇ ಇದೆ. ತಿಮೊಥೆಯನಿಗೂ ಪದೇ ಪದೇ ಹೊಟ್ಟೆಯ ತೊಂದರೆ. ಅವನಿಗೆ ಬಂದ ಸಲಹೆ, ಬರೀ ನೀರು ಬೇಡ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ. ಅದು ಮದ್ದೇ ಅಲ್ಲವೇ? ಪೌಲನ ಸ್ವಂತ ಮೈಯಲ್ಲಿ ನಾಟಿದ ಮುಳ್ಳಿನ ಬಗ್ಗೆ ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಎಲೀಯನ ಸಂಗಾತಿ ಎಲೀಷ ಕುಷ್ಠ ವಾಸಿಮಾಡಿದವನು, ಸತ್ತ ಮಗುವನ್ನು ಎಬ್ಬಿಸಿದವನು. ಅವನು ತೀರಿಕೊಂಡದ್ದು ಕಾಯಿಲೆಯಿಂದ. ಅವನ ಸಮಾಧಿಯಲ್ಲಿ ಎಲುಬಿಗೆ ತಾಗಿದ ಹೆಣ ಎದ್ದು ನಿಂತಿತು ಎಂದು ಬರೆದವರೇ, ಅವನಿಗೆ ಮರಣಕರ ರೋಗ ತಗಲಿತ್ತು ಎಂದೂ ಅದೇ ಅಧ್ಯಾಯದಲ್ಲಿ ಬರೆದಿದ್ದಾರೆ. ಇವರಲ್ಲಿ ಯಾರ ವಿಶ್ವಾಸ ಸಾಲದಾಗಿತ್ತು?

ಯೇಸುವೇ ನಿನ್ನ ನಂಬಿಕೆ ನಿನ್ನನ್ನು ಸ್ವಸ್ಥಮಾಡಿತು ಎಂದಿದ್ದಾನಲ್ಲ ಅಂತ ಆ ಕೂಟದವರು ಕೇಳುತ್ತಾರೆ. ಹೌದು, ಹೇಳಿದ್ದಾನೆ, ನಂಬಿದವರನ್ನು ಹೊಗಳಿದ್ದಾನೆ. ನಜರೇತಿನಲ್ಲಿ ಜನ ನಂಬದ್ದರಿಂದ ಹೆಚ್ಚಿನ ಮಹತ್ಕಾರ್ಯ ನಡೆಯಲಿಲ್ಲ ಎಂದೂ ಇದೆ. ಆದರೆ ಅದು ತನ್ನನ್ನು ತಿರಸ್ಕರಿಸಿದ ಊರಿನ ಮಾತು, ಅಲ್ಲೂ ಕೆಲವು ರೋಗಿಗಳ ಮೇಲೆ ಕೈಯಿಟ್ಟು ವಾಸಿಮಾಡಿಯೇ ಹೋದ. ವಾಸಿಮಾಡೆಂದು ಬಂದು ಕೇಳಿದ ರೋಗಿಯನ್ನು, ನಿನಗೆ ನಂಬಿಕೆ ಕಡಿಮೆ ಎಂದು ಹಿಂದಕ್ಕೆ ಕಳಿಸಿದ ಒಂದೇ ಒಂದು ಪ್ರಸಂಗ ಸುವಾರ್ತೆಗಳಲ್ಲಿಲ್ಲ. ಬೆಥ್ಸಥಾ ಕೊಳದ ಹತ್ತಿರ 38 ವರ್ಷದಿಂದ ಬಿದ್ದಿದ್ದವನಿಗೆ ತನ್ನನ್ನು ಎಬ್ಬಿಸಿದವರು ಯಾರೆಂಬುದೇ ಗೊತ್ತಿರಲಿಲ್ಲ. ತನ್ನನ್ನು ಹಿಡಿಯಲು ಬಂದ ಆಳಿನ ಕಿವಿ ಕತ್ತರಿಸಿಹೋದಾಗ ಅವನ ನಂಬಿಕೆ ವಿಚಾರಿಸದೆ ಮುಟ್ಟಿ ವಾಸಿಮಾಡಿದ. ಬೆಂಕಿಗೂ ನೀರಿಗೂ ಬೀಳುತ್ತಿದ್ದ ಹುಡುಗನನ್ನು ಕರೆತಂದ ತಂದೆ, ನಂಬುತ್ತೇನೆ, ಆದರೆ ನನ್ನ ನಂಬಿಕೆ ಪೂರ್ತಿಯಿಲ್ಲ, ಅದಕ್ಕೂ ನೀನೇ ಸಹಾಯ ಮಾಡು ಎಂದು ಅತ್ತ. ಮಗ ವಾಸಿಯಾದ. ಆ ಹುಡುಗನನ್ನು ವಾಸಿಮಾಡಲು ಮೊದಲು ಹೊರಟು ಸೋತಿದ್ದ ಶಿಷ್ಯರು, ನಮ್ಮಿಂದ ಯಾಕೆ ಆಗಲಿಲ್ಲ ಎಂದು ಆಮೇಲೆ ಗುಟ್ಟಾಗಿ ಕೇಳಿದರು. ನಿಮ್ಮ ನಂಬಿಕೆ ಕಡಿಮೆ ಎಂದು ಉತ್ತರ ಬಂತು. ಯಾರಿಗೆ? ರೋಗಿಗಲ್ಲ, ತಂದೆಗಲ್ಲ, ವಾಸಿಮಾಡಲು ಹೊರಟವರಿಗೆ. ಮತ್ತಾಯನ 17ನೇ ಅಧ್ಯಾಯ. ಇದನ್ನು ಚಿಕ್ಕಮ್ಮನಿಗೆ ನಾಲ್ಕು ಸಲ ಬೇಕಾದರೂ ಓದಿ ಹೇಳಲು ನಾನು ತಯಾರಿದ್ದೇನೆ.

ಪವಾಡ ಬೇಡ ಅಂತ ನಾನು ಹೇಳುತ್ತಿಲ್ಲ ಅಕ್ಕಾ. ಚಿಕ್ಕಮ್ಮನ ಕೈ ನಡುಕ ನಿಲ್ಲಲಿ ಎಂದು ದಿನವೂ ಬೇಡುತ್ತೇನೆ, ನಿಂತರೆ ಬೇಲಿ ದಾಟಿ ಬಂದು ನಿಮಗೇ ಮೊದಲು ಹೇಳುತ್ತೇನೆ. ಆದರೆ ರೋಗಿಯನ್ನು ನೋಡಲು ಹೋಗುವ ನಮ್ಮವರಲ್ಲಿ ನನ್ನದೊಂದು ಬಿನ್ನಹ ಇದೆ. ಪ್ರಾರ್ಥನೆ ಮಾಡಿ, ಗಂಜಿಯೋ ರೊಟ್ಟಿಯೋ ಮಾಡಿಕೊಂಡು ಹೋಗಿ, ಅವರು ಹೇಳಿದ್ದನ್ನೇ ಎರಡು ಸಲ ಹೇಳಿದರೂ ಕೂತು ಕೇಳಿ. ಡಾಕ್ಟರು ಬರೆದುಕೊಟ್ಟ ಮಾತ್ರೆ ಬಿಡಿ ಎಂದು ಮಾತ್ರ ಹೇಳಬೇಡಿ, ಅವರ ವಿಶ್ವಾಸವನ್ನು ತಕ್ಕಡಿಗೆ ಹಾಕಬೇಡಿ. ಕರ್ಮೆಲಿನ ಬೆಂಕಿಯ ಅಧ್ಯಾಯ ಓದಿ ಹೇಳುವುದಾದರೆ, ದಯವಿಟ್ಟು ಅದರ ಮುಂದಿನ ಅಧ್ಯಾಯವನ್ನೂ ಓದಿ ಹೇಳಿ.